ನಗುವಿಗೊಂದು ಕೋಣೆ

ಸಿಂಗಾಪುರ ನದಿಯ ದಂಡೆಗೆ ಹತ್ತಿರ, ಸರ್ಕ್ಯುಲರ್ ರೋಡಿನ ಆಸುಪಾಸಿನಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಕಾಲದ ಹಳೆಯ ಕಟ್ಟಡಗಳು ಸಾಲಾಗಿ ನಿಂತಿವೆ. ಈಗ ಅವುಗಳಲ್ಲಿ ಬಾರುಗಳಿವೆ. ಒಂದು ಸಂಜೆ ಅಂಥದ್ದೊಂದರಲ್ಲಿ ಸ್ಟ್ಯಾಂಡಪ್ ಹಾಸ್ಯ ಕೇಳಲು ಹೋಗಿ ಕೂತಿದ್ದೆ. ಒಂದು ಸ್ಟೂಲು, ಅದರ ಮೇಲೊಂದು ನೀರಿನ ಲೋಟ, ಒಂದು ಮೈಕು, ಎದುರಿಗೆ ಹೆಚ್ಚೆಂದರೆ ಐವತ್ತು ಜನ. ಹೊಸಬರಿಗೆ ಐದೈದು ನಿಮಿಷ. ತಮಿಳು ಮನೆತನದ ಹುಡುಗನೊಬ್ಬ ಬಂದು, ತಮ್ಮ ವಸತಿ ಬ್ಲಾಕಿನ ಲಿಫ್ಟಿನಲ್ಲಿ ದಿನಾ ಸಿಗುವ ಚೀನೀ ಅಜ್ಜಿಯ ಮಾತಿನ ಧಾಟಿಯನ್ನು ಅಣಕಿಸತೊಡಗಿದ. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಚೀನೀ ಹೆಂಗಸೊಬ್ಬರು ಕೈಕಟ್ಟಿ ಹಿಂದಕ್ಕೆ ಒರಗಿದರು. ಹುಡುಗ ಅದನ್ನು ಕಂಡ. ಒಂದು ಕ್ಷಣ ತಡವರಿಸಿದ. ಆಮೇಲೆ ಅಜ್ಜಿಯನ್ನು ಅಲ್ಲಿಗೇ ಬಿಟ್ಟು, ಲಿಫ್ಟಿನೊಳಗೆ ಅವರ ಮುಂದೆ ನಿಂತಾಗ ತನಗಾಗುವ ಫಜೀತಿಯನ್ನು ಹೇಳಿಕೊಳ್ಳತೊಡಗಿದ: ಯಾವ ಭಾಷೆಯಲ್ಲಿ ಮಾತಾಡಿಸಲಿ, ಮಾತಾಡದಿದ್ದರೆ ಕೊಬ್ಬು ಅಂದುಕೊಳ್ಳುತ್ತಾರೋ ಏನೋ, ಹನ್ನೆರಡನೇ ಮಹಡಿ ಯಾಕಿಷ್ಟು ದೂರ. ಆ ಹೆಂಗಸಿನ ಕೈ ಸಡಿಲವಾಯಿತು. ನಕ್ಕವರಲ್ಲಿ ಅವರೇ ಮೊದಲಿಗರು. ಕೆಳಗಿಳಿದ ಹುಡುಗ ಗೋಡೆಯ ಪಕ್ಕ ನಿಂತು, ಸಣ್ಣ ನೋಟ್‌ಬುಕ್ಕಿನಲ್ಲಿ ಏನನ್ನೋ ಹೊಡೆದುಹಾಕಿ, ಇನ್ನೇನನ್ನೋ ಬರೆದುಕೊಂಡ.

ನನ್ನ ವಾದವೆಲ್ಲ ಆ ಐದು ನಿಮಿಷದಲ್ಲೇ ಇದೆ. ಜೋಕು ಹಾಳೆಯ ಮೇಲೆ ಮುಗಿಯುವುದಿಲ್ಲ. ಹೇಳುವವನು ಅರ್ಧ ತರುತ್ತಾನೆ, ಉಳಿದರ್ಧ ಎದುರು ಕೂತವರಲ್ಲಿದೆ. ಎರಡೂ ಕೂಡುವುದು ಒಂದು ಕೋಣೆಯಲ್ಲಿ, ಮುಖಕ್ಕೆ ಮುಖ ಕಾಣುವಷ್ಟು ಹತ್ತಿರದಲ್ಲಿ. ಅಲ್ಲಿ ತಪ್ಪು ಮಾತಿಗೆ ಶಿಕ್ಷೆಯೂ ಇದೆ, ಅದು ಮೌನ. ತಿದ್ದಿಕೊಳ್ಳಲು ಅವಕಾಶವೂ ಇದೆ, ಅದು ಮುಂದಿನ ಸಾಲು. ಹಾಸ್ಯಗಾರನ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ನಾವು ಅವನ ಧೈರ್ಯವನ್ನು ಅಳೆಯಲು ಹೋಗುತ್ತೇವೆ, ಅವನ ನಾಲಿಗೆಯ ಬಗ್ಗೆ ಜಗಳವಾಡುತ್ತೇವೆ. ಅವನಿಗೆ ತಪ್ಪಲು, ತಿದ್ದಲು ಒಂದು ಕೋಣೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳಿ ನೋಡಲು ಸಿಂಗಾಪುರದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಊರು ಚಿಕ್ಕದು, ಅಧಿಕೃತ ಭಾಷೆಗಳು ನಾಲ್ಕು, ಕಾನೂನು ಬಿಗಿ. ಆದರೂ ಅಲ್ಲಿ ನಗಿಸಿಯೇ ಬದುಕಿದವರಿದ್ದಾರೆ.

ಅವರಲ್ಲಿ ಹಿರಿಯರು ಕುಮಾರ್. 1968ರಲ್ಲಿ ಹುಟ್ಟಿದ, ಭಾರತೀಯ ಮೂಲದ ಸಿಂಗಾಪುರದವರು. ಊರಿಗೆಲ್ಲ ಆ ಒಂದೇ ಹೆಸರಿನಿಂದ ಪರಿಚಿತರು. ಬುಗಿಸ್ ಪ್ರದೇಶದಲ್ಲಿ 1990ರ ದಶಕದಲ್ಲಿ ‘ಬೂಮ್ ಬೂಮ್ ರೂಮ್’ ಎಂಬ ಕ್ಯಾಬರೆ ಕ್ಲಬ್ಬಿತ್ತು. ಹೆಣ್ಣುಡುಗೆ ತೊಟ್ಟು, ಗಾಢ ಬಣ್ಣ ಬಳಿದುಕೊಂಡು ಕುಮಾರ್ ಅಲ್ಲಿ ವರ್ಷಗಟ್ಟಲೆ ರಾತ್ರಿ ರಾತ್ರಿ ನಿಂತರು. ಬುಗಿಸ್ ಸ್ಟ್ರೀಟ್ ಅದಕ್ಕೂ ಹಿಂದೆ ಹೆಣ್ಣಾಗಿ ಬದುಕುವ ಗಂಡುಗಳ ಬೀದಿಯೆಂದೇ ಹೆಸರಾಗಿತ್ತು. 1980ರ ದಶಕದ ನಡುವಿನಲ್ಲಿ ಮೆಟ್ರೊ ಕಾಮಗಾರಿ ಬಂದು ಆ ಹಳೆಯ ಬೀದಿ ಹೋಯಿತು. ಬೀದಿ ಹೋದ ಮೇಲೆ ಉಳಿದದ್ದು ಈ ಕೋಣೆ. ಕುಮಾರ್ ಹೇಳುತ್ತಿದ್ದುದು ಚೀನೀಯರ, ಮಲಯರ, ಭಾರತೀಯರ, ಸರ್ಕಾರದ, ತನ್ನ ಮೈಬಣ್ಣದ ಜೋಕುಗಳನ್ನು. ಮೂರೂ ಜನಾಂಗದವರು ಒಂದೇ ಕೋಣೆಯಲ್ಲಿ ಕೂತು, ತಮ್ಮ ಸರದಿ ಬಂದಾಗ ನಾಚಿ, ಪಕ್ಕದವರ ಸರದಿ ಬಂದಾಗ ಗಟ್ಟಿಯಾಗಿ ನಗುತ್ತಿದ್ದರು. 2011ರಲ್ಲಿ ತಮ್ಮ ಜೀವನಕಥೆ ಪುಸ್ತಕವಾಗಿ ಬಂದಾಗ ತಾನು ಸಲಿಂಗಿ ಎಂದು ಅವರು ಬಾಯಿಬಿಟ್ಟು ಹೇಳಿದರು. ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ಎ ಕಲಮನ್ನು ಅಲ್ಲಿನ ಸಂಸತ್ತು ತೆಗೆದುಹಾಕಲು ಮತ ಹಾಕಿದ್ದು 2022ರ ನವೆಂಬರಿನಲ್ಲಿ. ಎಂದರೆ, ಕಾನೂನಿನ ಪುಸ್ತಕ ಯಾರನ್ನು ಒಪ್ಪಿಕೊಂಡಿರಲಿಲ್ಲವೋ ಆ ಮನುಷ್ಯ ದಶಕಗಳ ಕಾಲ ಅದೇ ಊರನ್ನು ನಗಿಸಿದರು; ಕಾನೂನಿಗಿಂತ ಎಷ್ಟೋ ಮೊದಲು ಕೋಣೆ ಅವರನ್ನು ಒಪ್ಪಿಕೊಂಡಿತ್ತು. ಮುಂದೆ ಅವರು ದೊಡ್ಡ ರಂಗಮಂದಿರಗಳನ್ನೂ ತುಂಬಿಸಿದರು. ಆ ಕ್ಲಬ್ಬಿನ ಸಾವಿರಾರು ರಾತ್ರಿಗಳಿಲ್ಲದೆ ಅದು ಆಗುತ್ತಿರಲಿಲ್ಲ.

ಕೋಣೆಗೆ ಅದರದೇ ಭಾಷೆಯೂ ಇರುತ್ತದೆ. ಸಿಂಗಾಪುರದ ಕೋಣೆಯ ಭಾಷೆ ಸಿಂಗ್ಲಿಷ್: ಇಂಗ್ಲಿಷಿನ ಮೈಗೆ ಮಲಯ, ಹೊಕ್ಕಿಯನ್, ತಮಿಳುಗಳ ಉಸಿರು ತುಂಬಿದ ಬೀದಿಮಾತು. 1997ರಿಂದ 2007ರವರೆಗೆ ಅಲ್ಲಿನ ಟೀವಿಯಲ್ಲಿ ಫುವಾ ಚು ಕಾಂಗ್ ಎಂಬ ಪಾತ್ರ ಮನೆಮಾತಾಗಿತ್ತು. ಗುಂಗುರು ಕೂದಲು, ಮುಖದ ಮೇಲೊಂದು ದೊಡ್ಡ ಮಚ್ಚೆ, ಕಾಲಿಗೆ ಹಳದಿ ಗಮ್‌ಬೂಟು; ಮನೆ ರಿಪೇರಿ ಮಾಡಿಸುವ ಗುತ್ತಿಗೆದಾರ, ತನ್ನಂಥ ಕೆಲಸಗಾರ ಇನ್ನೊಬ್ಬನಿಲ್ಲ ಎಂಬ ಜಂಭದವನು. ಈ ಚೀನೀ ಗುತ್ತಿಗೆದಾರನ ಪಾತ್ರ ಮಾಡಿದವರು ಸಿಖ್ ತಂದೆಯ ಮಗ ಗುರ್ಮಿತ್ ಸಿಂಗ್. ಜನ ಮನೆಯಲ್ಲಿ ಆಡುವ ಮಾತನ್ನೇ ಅವನು ಟೀವಿಯಲ್ಲಿ ಆಡಿದ. 1999ರ ರಾಷ್ಟ್ರೀಯ ದಿನದ ಭಾಷಣದಲ್ಲಿ ಪ್ರಧಾನಿ ಗೋ ಚೋಕ್ ಟೊಂಗ್ ಅವನ ಹೆಸರೆತ್ತಿ, ಮಕ್ಕಳು ಅವನ ಮಾತು ಕಲಿಯುತ್ತಿದ್ದಾರೆ, ಅವನು ಇಂಗ್ಲಿಷ್ ಕಲಿಯಲಿ ಎಂದರು. ಧಾರಾವಾಹಿಯವರು ಅವನನ್ನು ಇಂಗ್ಲಿಷ್ ಕ್ಲಾಸಿಗೆ ಸೇರಿಸಿದರು. 2000ದಲ್ಲಿ ಒಳ್ಳೆಯ ಇಂಗ್ಲಿಷ್ ಆಡುವ ಆಂದೋಲನವನ್ನು ಸರ್ಕಾರವೇ ಶುರುಮಾಡಿತು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಜಗತ್ತಿನ ಜೊತೆ ವ್ಯಾಪಾರ ಮಾಡಿಯೇ ಉಣ್ಣಬೇಕಾದ ಪುಟ್ಟ ದ್ವೀಪಕ್ಕೆ ಜಗತ್ತಿಗೆ ತಿಳಿಯುವ ಮಾತು ಬೇಕು. ಆದರೆ ಹಾಸ್ಯಗಾರನನ್ನು ಮೇಷ್ಟರೆಂದು ತಿಳಿದದ್ದು ತಪ್ಪು. ಅವನು ಭಾಷೆ ಕಲಿಸುತ್ತಿರಲಿಲ್ಲ, ಜನರಿಗೆ ತಮ್ಮ ದನಿಯನ್ನು ಕೇಳಿಸುತ್ತಿದ್ದ.

ಇದನ್ನು ಓದುವಾಗ ಕನ್ನಡಿಗನಿಗೆ ಕೈಲಾಸಂ ನೆನಪಾಗದೆ ಇರಲಾರರು. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ನೌಕರಿ ಬಿಟ್ಟು ನಾಟಕಕ್ಕೆ ಬಿದ್ದವರು. ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನು ಅವರು ಹಾಗೆಯೇ ರಂಗಕ್ಕೆ ತಂದರು. ಅವರ ನಾಟಕಗಳು ಹುಟ್ಟಿದ್ದು ಬರೆಯುವ ಮೇಜಿನ ಮೇಲಲ್ಲ. ‘ನೂಕ್’ ಎಂದು ಹೆಸರಾಗಿದ್ದ ಅವರ ಕೋಣೆಯಲ್ಲಿ, ಸಿಗರೇಟಿನ ಹೊಗೆಯ ನಡುವೆ, ಸುತ್ತ ಕೂತ ಗೆಳೆಯರಿಗೆ ಅವರು ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದರು; ಕೇಳಿದವರು ಬರೆದುಕೊಂಡರು. ಇಂದು ನಾವು ಸ್ಟ್ಯಾಂಡಪ್ ಎಂದು ಹೊಸ ಹೆಸರಿನಿಂದ ಕರೆಯುವುದನ್ನು ಕೈಲಾಸಂ ಕೂತುಕೊಂಡೇ ಮಾಡಿದ್ದರು. ಅವರ ಭಾಷೆಯನ್ನು ಕುಲಗೆಟ್ಟ ಕನ್ನಡ ಎಂದುಕೊಂಡವರು ಇರಲಿಲ್ಲವೆಂದಲ್ಲ. ಆದರೆ 1945ರಲ್ಲಿ ಮದರಾಸಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತವರು ಅವರೇ. ಸಿಂಗಾಪುರ ತನ್ನ ಬೀದಿಮಾತಿನ ನಾಯಕನನ್ನು ತರಗತಿಗೆ ಕಳಿಸಿತು. ಕನ್ನಡ ತನ್ನವನನ್ನು ಸಮ್ಮೇಳನದ ವೇದಿಕೆಗೆ ಕರೆಯಿತು. ನಮ್ಮ ಭಾಷೆಯ ಬಗ್ಗೆ ನನಗಿರುವ ಹೆಮ್ಮೆಗಳಲ್ಲಿ ಇದೂ ಒಂದು.

ಈಗ ಕತ್ತರಿಯ ವಿಚಾರ. ಸಿಂಗಾಪುರದಲ್ಲಿ ಸಾರ್ವಜನಿಕ ರಂಗಪ್ರದರ್ಶನಕ್ಕೆ ಮಾಧ್ಯಮ ಪ್ರಾಧಿಕಾರದ ಲೈಸೆನ್ಸ್ ಬೇಕು. ಪಠ್ಯವನ್ನು ಮುಂಚೆಯೇ ಕೊಡಬೇಕು, ಅದನ್ನು ನೋಡಿ ಯಾವ ವಯಸ್ಸಿನವರು ನೋಡಬಹುದೆಂದು ವರ್ಗೀಕರಿಸುತ್ತಾರೆ. ನಾಟಕಕ್ಕೆ ಇದು ಹೇಗೋ ಹೊಂದಬಹುದು. ಹಾಸ್ಯಕ್ಕೆ ಹೊಂದುವುದಿಲ್ಲ. ಲಿಫ್ಟಿನ ಹುಡುಗ ಯಾವ ಪಠ್ಯ ಕೊಡಬೇಕಿತ್ತು? ಕೊಟ್ಟಿದ್ದರೆ, ಅಜ್ಜಿಯನ್ನು ಅಣಕಿಸುವ ಮೊದಲಿನ ಪಠ್ಯವನ್ನೇ ಕೊಡುತ್ತಿದ್ದ. ಆ ಹೆಂಗಸಿನ ಕಟ್ಟಿದ ಕೈಯಿಂದ ಹುಟ್ಟಿದ ಒಳ್ಳೆಯ ಜೋಕು ಯಾವ ಅರ್ಜಿಯಲ್ಲೂ ಇರಲು ಸಾಧ್ಯವಿರಲಿಲ್ಲ. ನಮ್ಮ ಮಾಸ್ಟರ್ ಹಿರಣ್ಣಯ್ಯನವರನ್ನು ನೆನೆಸಿಕೊಳ್ಳಿ. ‘ಲಂಚಾವತಾರ’ದ ಕಥೆ ಅದೇ, ಆದರೆ ಬೆಳಗಿನ ಪೇಪರಿನಲ್ಲಿ ಬಂದ ಮಂತ್ರಿಯ ಮಾತು ಸಂಜೆಯ ಆಟದಲ್ಲಿ ಅವರ ಬಾಯಲ್ಲಿರುತ್ತಿತ್ತು. ಹತ್ತು ಸಲ ನೋಡಿದವರೂ ಹನ್ನೊಂದನೇ ಸಲ ಟಿಕೆಟ್ ಕೊಳ್ಳುತ್ತಿದ್ದುದು ಅದಕ್ಕೇ. ಬ್ರಿಟಿಷರು 1876ರಲ್ಲಿ ನಾಟಕಗಳನ್ನು ಹದ್ದಿನಲ್ಲಿಡಲು ಕಾಯ್ದೆ ತಂದಾಗಿನಿಂದ ಅಧಿಕಾರಿಗಳಿಗೆ ಬೇಕಾಗಿರುವುದು ಕೈಯಲ್ಲಿ ಹಿಡಿಯಬಹುದಾದ ಹಾಳೆ. ನಗು ಇರುವುದು ಹಾಳೆಯ ಆಚೆ.

2014ರಲ್ಲಿ ಸಿಂಗಾಪುರದ ಪ್ರಾಧಿಕಾರ ಹೊಸದೊಂದು ಯೋಜನೆ ಮುಂದಿಟ್ಟಿತು: ಕಲಾತಂಡಗಳು ತಮ್ಮವರಿಗೇ ತರಬೇತಿ ಕೊಡಿಸಿ, ತಮ್ಮ ಪ್ರದರ್ಶನವನ್ನು ತಾವೇ ವರ್ಗೀಕರಿಸಿಕೊಳ್ಳಲಿ. ಮೇಲುನೋಟಕ್ಕೆ ಇದು ಸಡಿಲಿಕೆ. ಕಲಾವಿದರು ಒಪ್ಪಲಿಲ್ಲ. ಕತ್ತರಿಯನ್ನು ನಮ್ಮ ಕೈಗೇ ಕೊಟ್ಟು ನಮ್ಮನ್ನೇ ಕತ್ತರಿಸಿಕೊಳ್ಳಿ ಎನ್ನುತ್ತಿದ್ದೀರಿ ಎಂಬ ಅರ್ಥದಲ್ಲಿ ಪ್ರತಿಭಟಿಸಿದರು. ಯೋಜನೆ ಬಿದ್ದುಹೋಯಿತು. ಕಚೇರಿಯಲ್ಲಿರುವ ಕತ್ತರಿಗಿಂತ ತಲೆಯೊಳಗೆ ಹೊಕ್ಕ ಕತ್ತರಿ ಹೆಚ್ಚು ಹರಿತ ಎಂದು ಅವರಿಗೆ ಗೊತ್ತಿತ್ತು. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ ಘಟನೆ ಅದು.

ಆದರೂ ಎದುರು ಪಕ್ಷದ ಮಾತನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. 1964ರ ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಆ ಊರಿನಲ್ಲಿ ಚೀನೀಯರಿಗೂ ಮಲಯರಿಗೂ ನಡುವೆ ಗಲಭೆಗಳಾದವು. ಎರಡೂ ಸೇರಿ 36 ಜನ ಸತ್ತರು. ಜುಲೈ 21ನ್ನು ಇಂದಿಗೂ ಅಲ್ಲಿನ ಶಾಲೆಗಳು ಜನಾಂಗ ಸೌಹಾರ್ದ ದಿನವೆಂದು ಆಚರಿಸುತ್ತವೆ. 1989ರಿಂದ ಸರ್ಕಾರಿ ವಸತಿ ಬ್ಲಾಕುಗಳಲ್ಲಿ ಯಾವ ಜನಾಂಗದವರು ಎಷ್ಟಿರಬೇಕೆಂಬ ಮಿತಿ ಇದೆ. ಹಾಗಾಗಿಯೇ ಆ ಹುಡುಗನ ಲಿಫ್ಟಿನಲ್ಲಿ ಆ ಅಜ್ಜಿ ಇರುವುದು. ಇಷ್ಟು ಕಷ್ಟಪಟ್ಟು ಕಟ್ಟಿದ ಮನೆಗೆ ಒಂದು ಕೆಟ್ಟ ಜೋಕು ಕಿಡಿಯಿಟ್ಟರೆ ಎಂಬ ಭಯ ಸುಳ್ಳು ಭಯವಲ್ಲ. ನಾನು ಕೇಳುವುದು ಇಷ್ಟೇ: ಕಿಡಿ ಹಾರಿದ್ದು ಎಲ್ಲಿಂದ?

2019ರ ಜುಲೈನಲ್ಲಿ ಒಂದು ಹಣ ಪಾವತಿ ಸೇವೆಯ ಜಾಹೀರಾತು ಬಂತು. ಚೀನೀ ನಟರೊಬ್ಬರು ನಾಲ್ಕು ಪಾತ್ರಗಳಲ್ಲಿ ಕಾಣಿಸಿಕೊಂಡಿದ್ದರು. ಒಂದರಲ್ಲಿ ಮುಖಕ್ಕೆ ಕಪ್ಪು ಬಣ್ಣ ಬಳಿದು ಭಾರತೀಯ ಪುರುಷನಾಗಿ, ಇನ್ನೊಂದರಲ್ಲಿ ತಲೆವಸ್ತ್ರ ಧರಿಸಿ ಮಲಯ ಮಹಿಳೆಯಾಗಿ. ಅದಕ್ಕೆ ಸಿಟ್ಟಾಗಿ ಹಾಸ್ಯ ವೀಡಿಯೊಗಳಿಂದ ಹೆಸರಾಗಿದ್ದ ಪ್ರೀತಿ ನಾಯರ್ ಮತ್ತು ಅವರ ಸಹೋದರ, ಗಾಯಕ ಸುಭಾಸ್ ನಾಯರ್, ಬೈಗುಳ ತುಂಬಿದ ರ‍್ಯಾಪ್ ವೀಡಿಯೊ ಮಾಡಿದರು. ಜಾಹೀರಾತನ್ನು ಅಧಿಕಾರಿಗಳು ಅಭಿರುಚಿಹೀನ ಎಂದು ಬಗೆದರು, ಕಾನೂನುಬಾಹಿರ ಎನ್ನಲಿಲ್ಲ. ಒಡಹುಟ್ಟಿದವರಿಬ್ಬರಿಗೂ ಪೊಲೀಸರು 24 ತಿಂಗಳ ಷರತ್ತಿನ ಎಚ್ಚರಿಕೆ ಕೊಟ್ಟರು. ಜಾಹೀರಾತಿನವರು, ವೀಡಿಯೊದವರು, ಇವರಲ್ಲಿ ಯಾರದು ಹೆಚ್ಚು ತಪ್ಪು ಎಂಬ ಲೆಕ್ಕಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕುಮಾರ್ ಎಷ್ಟೋ ವರ್ಷಗಳಿಂದ ಇದಕ್ಕಿಂತ ಖಾರವಾಗಿ ಜನಾಂಗದ ಮಾತಾಡಿದ್ದಾರೆ, ಯಾರ ಮನೆಯೂ ಉರಿಯಲಿಲ್ಲ. ಅವರೆದುರು ಆ ಜನಾಂಗದವರೇ ಕೂತಿದ್ದರು. ಜಾಹೀರಾತು ಮಾಡಿದವರ ಎದುರು ಯಾರೂ ಕೂತಿರಲಿಲ್ಲ. ಕ್ಯಾಮೆರಾ ಕೈಕಟ್ಟಿ ಹಿಂದಕ್ಕೆ ಒರಗುವುದಿಲ್ಲ. ಉತ್ತರದ ವೀಡಿಯೊ ಮಾಡಿದವರಿಗೂ ಅದೇ ಸ್ಥಿತಿ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ಪಷ್ಟ. ಸಿಂಗಾಪುರದಲ್ಲಿ ಬೆಳೆದು ಅಮೆರಿಕದಲ್ಲಿರುವ ಜೋಸಲಿನ್ ಚಿಯಾ ನ್ಯೂಯಾರ್ಕಿನ ಕಾಮಿಡಿ ಸೆಲ್ಲರ್ ಕ್ಲಬ್ಬಿನಲ್ಲಿ, 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದ ಬಗ್ಗೆ ಜೋಕು ಮಾಡಿದರು. ಆ ಕೋಣೆ ನಕ್ಕಿತು. 2023ರ ಜೂನಿನಲ್ಲಿ ಅದರ ತುಣುಕು ಫೋನುಗಳ ಮೇಲೆ ಸಮುದ್ರ ದಾಟಿ ಮಲೇಷ್ಯಾ ತಲುಪಿತು. ಅಲ್ಲಿ ಆ ವಿಮಾನದಲ್ಲಿ ಮನೆಯವರನ್ನು ಕಳೆದುಕೊಂಡವರಿದ್ದರು. ಸಿಂಗಾಪುರದ ವಿದೇಶಾಂಗ ಮಂತ್ರಿಯೇ ಕ್ಷಮೆ ಕೇಳಬೇಕಾಯಿತು, ಮಲೇಷ್ಯಾದ ಪೊಲೀಸರು ಇಂಟರ್‌ಪೋಲ್ ನೆರವು ಕೇಳಲು ಹೊರಟರು. ನನಗೆ ಆ ಜೋಕು ಇಷ್ಟವಾಗಲಿಲ್ಲ, ಸಾವಿನ ಮನೆಯವರು ಕೇಳಬಾರದ ಮಾತು ಅದು. ಆದರೆ ಅವರು ಆ ಕೋಣೆಯಲ್ಲಿ ಇದ್ದಿದ್ದರೆ, ಮೊದಲ ಪದಕ್ಕೇ ಅವರ ಮುಖ ಕಂಡು ಆಕೆಯ ನಾಲಿಗೆ ಕಟ್ಟಿಹೋಗುತ್ತಿತ್ತು ಎಂದು ನಂಬುತ್ತೇನೆ. ಕೋಣೆ ಜೋಕಿಗೆ ಲಂಗುಲಗಾಮಿಲ್ಲದ ಸ್ವಾತಂತ್ರ್ಯ ಕೊಡುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ. ಹಾಸ್ಯಗಾರನಿಗೆ ಗೊತ್ತಿರುವ ನಿಜವಾದ ಲಗಾಮು ಅದೊಂದೇ.

ಹಾಗಾದರೆ ಬರೆದು ನಗಿಸುವವರ ಪಾಡು? ಅವರ ಎದುರು ಕೋಣೆಯೇ ಇಲ್ಲವಲ್ಲ. ಲೀ ಕಿನ್ ಮುನ್ ‘ಮಿಸ್ಟರ್ ಬ್ರೌನ್’ ಎಂಬ ಹೆಸರಿನಲ್ಲಿ ಬರೆಯುವ ವಿಡಂಬನಕಾರ. 2006ರ ಮೇ ತಿಂಗಳಲ್ಲಿ ಚುನಾವಣೆ ಮುಗಿಯಿತು. ಬೆನ್ನಿಗೇ ಟ್ಯಾಕ್ಸಿ ದರ, ಕರೆಂಟಿನ ದರ ಏರಿದವು. ಜೂನ್ 30ರಂದು ‘ಟುಡೇ’ ಪತ್ರಿಕೆಯ ತಮ್ಮ ಅಂಕಣದಲ್ಲಿ ಅವರು ಇದನ್ನೇ ನಗೆಯ ವಸ್ತು ಮಾಡಿದರು. ಸರ್ಕಾರದ ಪರವೋ ವಿರುದ್ಧವೋ ಪ್ರಚಾರ ಮಾಡುವುದು ಪತ್ರಿಕೆಗಳ ಕೆಲಸವಲ್ಲ ಎಂದು ಜುಲೈ 3ರಂದು ಸರ್ಕಾರದ ಮಾಹಿತಿ ಇಲಾಖೆಯ ಉತ್ತರ ಅಚ್ಚಾಯಿತು. ಅಂಕಣ ನಿಂತಿತು. ಕೆಲವು ದಿನಗಳ ನಂತರ ಸುಮಾರು ಮೂವತ್ತು ಜನ ಕಂದು ಬಣ್ಣದ ಬಟ್ಟೆ ತೊಟ್ಟು ಸಿಟಿ ಹಾಲ್ ಮೆಟ್ರೊ ನಿಲ್ದಾಣದಲ್ಲಿ ಸೇರಿ, ಏನೂ ಮಾತಾಡದೆ ನಿಂತರು. ನನಗೆ ಅದು ಓದುಗರ ಕೋಣೆಯಂತೆಯೇ ಕಾಣುತ್ತದೆ. ಅಕ್ಷರದ ಆಚೆ ಯಾರಿದ್ದಾರೆ ಎಂದು ಲೇಖಕನಿಗೆ ಒಂದು ದಿನವಾದರೂ ಮುಖ ತೋರಿಸಿದ ಕೋಣೆ. ಮಿಸ್ಟರ್ ಬ್ರೌನ್ ಬರೆಯುವುದನ್ನು ಬಿಡಲಿಲ್ಲ, ಅವರಿಗೆ ತಮ್ಮದೇ ತಾಣವಿತ್ತು. ನಮ್ಮಲ್ಲಿ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಶುರುಮಾಡಿ ಕಾಲು ಶತಮಾನ ನಡೆಸಿದ್ದೂ ಇಂಥದೇ ಕೆಲಸ. ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದದ್ದು ಅಲ್ಲಿ. ಮಾಸಿಕವೊಂದು ಹತ್ತಾರು ಹಾಸ್ಯಲೇಖಕರಿಗೆ ಕೈ ಪಳಗಿಸುವ ಕೋಣೆಯಾಗಿತ್ತು.

ಸಿಂಗಾಪುರದ ಕತ್ತರಿಯನ್ನು ದೂರುವಾಗ ಬೆಂಗಳೂರನ್ನು ಮರೆಯುವ ಹಾಗಿಲ್ಲ. 2021ರ ನವೆಂಬರ್ 28ರಂದು ಹಾಸ್ಯಗಾರ ಮುನಾವರ್ ಫಾರೂಕಿ ಅವರ ಕಾರ್ಯಕ್ರಮ ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಶಾಂತಿಭಂಗದ ಕಾರಣ ಹೇಳಿ ಪೊಲೀಸರು ಅನುಮತಿ ಕೊಡಲಿಲ್ಲ. 2022ರ ನವೆಂಬರ್ 10ರಂದು ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ವೀರ್ ದಾಸ್ ಅವರ ಕಾರ್ಯಕ್ರಮ ಸಂಘಟನೆಯೊಂದರ ದೂರಿನ ನಂತರ ರದ್ದಾಯಿತು. ಇಲ್ಲಿ ಯಾರೂ ಪಠ್ಯ ಓದಲಿಲ್ಲ, ಯಾವ ಜೋಕು ಎಂದು ಕೇಳಲಿಲ್ಲ. ಸಿಂಗಾಪುರದ ಕತ್ತರಿಗೆ ಒಂದು ಕಚೇರಿಯಿದೆ, ವಿಳಾಸವಿದೆ, ಅದರ ವಿರುದ್ಧ ವಾದಿಸಬಹುದು, 2014ರಲ್ಲಿ ವಾದಿಸಿ ಗೆದ್ದರು ಕೂಡ. ಗದ್ದಲ ಮಾಡುತ್ತೇವೆ ಎನ್ನುವವರಿಗೆ ಯಾವ ವಿಳಾಸ? ಟಿಕೆಟ್ ಕೊಂಡು ಒಳಗೆ ಕೂತವರಿಗೆ ಬೇಡವೆನಿಸಿದರೆ ಎದ್ದು ಬರಬಹುದು. ಒಳಗೆ ಬಾರದವರು ಒಳಗಿನವರ ಪರವಾಗಿ ನೊಂದುಕೊಳ್ಳುವುದನ್ನು ಸರ್ಕಾರ ಒಪ್ಪಿಕೊಳ್ಳಬಾರದಿತ್ತು. ಪೊಲೀಸರು ಬಾಗಿಲಿಗೆ ಬೆನ್ನು ಕೊಟ್ಟು, ಬೀದಿಯ ಕಡೆ ಮುಖ ಮಾಡಿ ನಿಲ್ಲಬೇಕಿತ್ತು.

ಹೊಟ್ಟೆಪಾಡಿನ ಮಾತನ್ನೂ ಆಡಬೇಕು. ಸಿಂಗಾಪುರದ ಹಾಸ್ಯಗಾರರಲ್ಲಿ ಬಹಳ ಜನರ ಹೊಟ್ಟೆ ತುಂಬಿಸುವುದು ಕಂಪನಿಗಳ ವಾರ್ಷಿಕ ‘ಡಿನ್ನರ್ ಅಂಡ್ ಡ್ಯಾನ್ಸ್’ ಕೂಟಗಳ ನಿರೂಪಣೆ, ಮದುವೆ ಆರತಕ್ಷತೆಗಳ ಮೈಕು. ಬಿಲ್ ಕಟ್ಟುವವನು ಮುಂದಿನ ಮೇಜಿನಲ್ಲಿ ಕೂತಿರುವಾಗ ಮಾತು ಮೆತ್ತಗಾಗುವುದು ಸಹಜ. ಆ ಮೆತ್ತಗಿನ ಮಾತಿನ ದುಡ್ಡಿನಿಂದಲೇ ಅವರು ಮಂಗಳವಾರದ ಸಣ್ಣ ಕೋಣೆಯ ಖಾರದ ಮಾತನ್ನು ಸಾಕುತ್ತಾರೆ. ಕಾಮಿಡಿ ಮಸಾಲಾದಂಥ ಕೂಟ ವಾರವಾರವೂ ಬಾಗಿಲು ತೆರೆದಿಟ್ಟಿದ್ದರಿಂದ ಅಲ್ಲಿ ಒಂದು ಪೀಳಿಗೆ ಬೆಳೆಯಿತು. ಶಾರೂಲ್ ಚನ್ನಾ ಅವರಂಥ ಹೆಣ್ಣುಮಗಳು ಅದನ್ನೇ ಪೂರ್ಣಾವಧಿ ಕಸುಬಾಗಿಸಿಕೊಂಡು, ಮುದುಕಿಯರ ಒಂಟಿತನವನ್ನೂ ಹಾಸ್ಯದೊಳಗೆ ತರುವಷ್ಟು ಬೆಳೆದರು.

ನಮ್ಮ ಹಾಸ್ಯೋತ್ಸವಗಳು ಎಂದರೆ ಗಣೇಶನ ಪೆಂಡಾಲು, ರಾಜ್ಯೋತ್ಸವದ ಮೈದಾನ, ಸಾವಿರಾರು ಕುರ್ಚಿ. ಬೀchi ಹಾಕಿದ ದಾರಿಯಲ್ಲಿ ಉತ್ತರ ಕರ್ನಾಟಕದಿಂದ ಬಂದ ಗಂಗಾವತಿ ಪ್ರಾಣೇಶರಂಥವರು ಕನ್ನಡದ ಹಾಸ್ಯವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಐದು ಸಾವಿರ ಜನರೆದುರು ಯಾರೂ ಹೊಸ ಮಾತನ್ನು ಪರೀಕ್ಷಿಸಲಾರರು. ಗೆದ್ದ ಜೋಕನ್ನೇ ಹೇಳಬೇಕು. ಗಂಡ ಹೆಂಡಿರ ಜೋಕುಗಳು ನಮ್ಮ ವೇದಿಕೆಗಳಲ್ಲಿ ಇಷ್ಟು ವರ್ಷ ಹಳಸಿದರೂ ಉಳಿದಿರುವುದು ಹಾಸ್ಯಗಾರರಿಗೆ ಬೇರೆ ತೋಚದೆ ಅಲ್ಲ, ಬೇರೆಯದನ್ನು ಹೇಳಿ ಸೋಲಲು ಜಾಗವಿಲ್ಲದೆ. ಬೆಂಗಳೂರಿನಲ್ಲಿ ಈಚೆಗೆ ಲೋಲ್‌ಬಾಗ್ ತಂಡದಂಥ ಹುಡುಗರು ಕೆಫೆಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ಕನ್ನಡ ಸ್ಟ್ಯಾಂಡಪ್ ಮಾಡುತ್ತಿರುವುದು ಅದಕ್ಕೇ ನನಗೆ ಅಷ್ಟು ಮುಖ್ಯವೆನಿಸುತ್ತದೆ. ಹುಬ್ಬಳ್ಳಿಯಲ್ಲಿ, ದಾವಣಗೆರೆಯಲ್ಲಿ, ಮಂಗಳೂರಿನಲ್ಲಿ ತಿಂಗಳಿಗೊಂದು ಸಂಜೆ ಒಂದು ಗ್ರಂಥಾಲಯದ ಹಿಂದಿನ ಕೋಣೆ, ಒಂದು ಸಂಘದ ಮಹಡಿ ಸಿಕ್ಕಿದರೆ ಸಾಕು. ಸಿಂಗಾಪುರದ ಕನ್ನಡ ಸಂಘವೂ ಊರಿನಿಂದ ಹಾಸ್ಯಗಾರರನ್ನು ಕರೆಸುವ ಉತ್ಸಾಹದಲ್ಲಿ ಸ್ವಲ್ಪವನ್ನು ತನ್ನ ಮಕ್ಕಳಿಗೂ ಇಡಲಿ ಎಂಬುದು ನನ್ನ ಆಸೆ.

ಯಾಕೆಂದರೆ ಅಲ್ಲಿ ಹೊಸ ಭಾಷೆಯೊಂದು ಆಗಲೇ ಹುಟ್ಟಿದೆ. ಪುಂಗೋಲ್‌ನ ಫ್ಲ್ಯಾಟಿನಲ್ಲಿ ಗೆಳೆಯರ ಮಗಳು, ಹತ್ತು ವರ್ಷದವಳು, ಶಿವಮೊಗ್ಗದಿಂದ ಬಂದ ಅಜ್ಜಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಿಂಗ್ಲಿಷಿನ ‘ಲಾ’ ಬಾಲ ಹಚ್ಚಿ, “ಅಜ್ಜಿ, ಊಟ ಆಯ್ತು ಲಾ” ಅಂದಳು. ಅಜ್ಜಿ ಸೌಟು ಹಿಡಿದುಕೊಂಡೇ ತಿರುಗಿ, “ಆಯ್ತು ಲಾ ಅಂದ್ರೆ ಆಯ್ತೋ, ಇನ್ನೂ ಆಗ್ಬೇಕೋ?” ಎಂದು ಕೇಳಿದರು. ಹುಡುಗಿ ನಕ್ಕು ನಕ್ಕು ನೆಲದ ಮೇಲೆ ಕೂತಳು. ಮರುದಿನ ಸ್ಕೂಲಿಗೆ ಹೋಗಿ ಗೆಳತಿಯರಿಗೆ ಅದನ್ನು ಅಜ್ಜಿಯ ದನಿಯಲ್ಲೇ ಹೇಳಿದಳಂತೆ. ಅವರಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಯಾರೂ ನಗಲಿಲ್ಲವಂತೆ. ಸಂಜೆ ಮನೆಗೆ ಬಂದು, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದರೆ ಅವರಿಗೆ ತಿಳಿಯುತ್ತದೆ ಎಂದು ಅಪ್ಪನ ಪಕ್ಕ ಕೂತು ತುಂಬ ಹೊತ್ತು ಯೋಚಿಸಿದಳಂತೆ.